ರೊಟ್ಟಿ ತಿಂದರೂ ಸಕ್ಕರೆ ಇಳಿಯುತ್ತಿಲ್ಲವೇ? ಎಷ್ಟು ರೊಟ್ಟಿ ಎಂದು ಮೊದಲು ಹೇಳಿ

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ವಯಸ್ಸು 46, ಊರು ಜಮಖಂಡಿ, ಟೈಪ್ 2 ಮಧುಮೇಹ ಇರುವುದು ಈಚೆಗೆ ಗೊತ್ತಾಗಿದೆ. ಅನ್ನ ಬಿಟ್ಟು ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನುತ್ತಿದ್ದರೂ ಸಕ್ಕರೆ ಇಳಿದಿಲ್ಲ. ಕಡಿಮೆ ಪಿಷ್ಟದ (ಕಾರ್ಬೋಹೈಡ್ರೇಟ್) ಊಟ ನಮ್ಮ ಕಡೆ ಸಾಧ್ಯವೇ, ವ್ಯಾಯಾಮ ಎಷ್ಟು ಬೇಕು, ಗುಳಿಗೆ ಬಿಡಬಹುದೇ ಎಂದು ಕೇಳಿದ್ದೀರಿ.

ನಾನು ವೈದ್ಯನಲ್ಲ. ಬಾಗಲಕೋಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಹಗಲೆಲ್ಲ ಗಾದಿಯ ಮೇಲೆ ಕೂರುವವನು. ಕೆಲವು ವರ್ಷಗಳಿಂದ ಇದೇ ಕಾಯಿಲೆ ನನಗೂ ಇದೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9ರ ಹತ್ತಿರ ಇದ್ದದ್ದು ಈಗ 6.5ರ ಆಸುಪಾಸಿನಲ್ಲಿದೆ, ಒಂದು ಗುಳಿಗೆಯೊಂದಿಗೆ.

ಮೊದಲು ರೊಟ್ಟಿಯ ಲೆಕ್ಕ ನೋಡೋಣ. ನಮ್ಮ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಗೆ ಔಷಧದ ಪಟ್ಟ ಕಟ್ಟಿಬಿಟ್ಟಿದ್ದಾರೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇರುತ್ತದೆ. ಗೋಧಿಯೂ ಸಜ್ಜೆಯೂ ಅಲ್ಲಿಂದ ಬಹಳ ದೂರವಿಲ್ಲ. ಬಿಳಿ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು, ಹಸಿವು ತಡೆಯುತ್ತದೆ, ಅಷ್ಟು ನಿಜ. ಆದರೆ ಕೈಯಲ್ಲಿ ಬಡಿದ ಒಂದು ದೊಡ್ಡ ರೊಟ್ಟಿಗೆ 45ರಿಂದ 50 ಗ್ರಾಂ ಹಿಟ್ಟು ಹಿಡಿಯುತ್ತದೆ. ಎಂದರೆ 30 ಗ್ರಾಂ ಮೀರಿ ಪಿಷ್ಟ. ಹೊತ್ತಿಗೆ ಎರಡರಂತೆ ಹಿಡಿದರೂ ದಿನಕ್ಕೆ ಆರು ರೊಟ್ಟಿ, 190 ಗ್ರಾಂ ಮೇಲಾಯಿತು. ಕಾಳು, ಹಾಲು, ಚಹಾ ಇನ್ನೂ ಎಣಿಕೆಗೆ ಬಂದೇ ಇಲ್ಲ. ದಿನಕ್ಕೆ 130 ಗ್ರಾಮಿಗಿಂತ ಕೆಳಗಿದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಊಟ ಎನ್ನುತ್ತಾರೆ. ಖಡಕ್ ರೊಟ್ಟಿಯ ಮೋಸ ಬೇರೆಯೇ: ತೆಳ್ಳಗಿದೆ ಎಂದು ಮುರಿಯುತ್ತ ಕುಳಿತರೆ ಎಷ್ಟು ತಿಂದೆವೆಂಬುದು ಬುಟ್ಟಿ ಖಾಲಿಯಾದ ಮೇಲೆಯೇ ತಿಳಿಯುತ್ತದೆ.

ಹಾಗಾಗಿ ನನ್ನ ಉತ್ತರದ ತಿರುಳು ಒಂದೇ. ರೊಟ್ಟಿಗೆ ಪಲ್ಯ ನಂಜಿಕೊಳ್ಳುವುದನ್ನು ಬಿಟ್ಟು ಪಲ್ಯಕ್ಕೆ ರೊಟ್ಟಿ ನಂಜಿಕೊಳ್ಳಿ. ಹೊತ್ತಿಗೆ ಒಂದು ರೊಟ್ಟಿ. ಬೆಳಗ್ಗೆ ಅದೂ ಬೇಡ, ಮೊಟ್ಟೆಯೋ ಮೊಳಕೆ ಬಂದ ಹೆಸರು ಕಾಳೋ ಸಾಕು. ತಟ್ಟೆಯ ಅರ್ಧಕ್ಕೆ ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಎಣ್ಣೆಗಾಯಿ, ಜೊತೆಗೆ ಹಸಿಯಾಗಿ ಹಕ್ಕರಕಿ, ಸೌತೆಕಾಯಿ, ಮೂಲಂಗಿ. ಉಳಿದದ್ದಕ್ಕೆ ಮಡಕಿ ಕಾಳು, ಕಡಲೆ ಹಿಟ್ಟಿನ ಝುಣಕ, ಮೊಸರು, ತಿನ್ನುವವರಿಗೆ ಮೀನು, ಕೋಳಿ. ಕಾಳು ಮತ್ತು ಕಡಲೆ ಹಿಟ್ಟಿನಲ್ಲೂ ಪಿಷ್ಟವಿದೆ, ಆದರೆ ಪ್ರೋಟೀನ್ ಮತ್ತು ನಾರು ಜೊತೆಗಿರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಪಲ್ಯ, ಕಾಳು ಮೊದಲು ತಿಂದು ರೊಟ್ಟಿಯನ್ನು ಕೊನೆಗೆ ಇಟ್ಟುಕೊಂಡರೆ ಊಟದ ನಂತರದ ಏರಿಕೆ ಇನ್ನೂ ತಗ್ಗುತ್ತದೆ. ಶೇಂಗಾ, ಅಗಸಿ, ಗುರೆಳ್ಳು ಹಿಂಡಿಗಳಲ್ಲಿ (ಚಟ್ನಿಪುಡಿ) ಪಿಷ್ಟ ಕಡಿಮೆ. ಆದರೆ ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ ಇರುವುದರಿಂದ ಹೊಟ್ಟೆಯ ಸುತ್ತಳತೆ ನೋಡಿಕೊಂಡು ಬಡಿಸಿಕೊಳ್ಳಿ. ಮೊಬೈಲಿನಲ್ಲಿ ಕಾಣುವ ಆವಕಾಡೊ, ಬಾದಾಮಿ ಹಿಟ್ಟಿನ ರೊಟ್ಟಿಗಳ ಗೊಡವೆ ಬೇಡ. ನಮ್ಮ ಸಂತೆಯ ಸೊಪ್ಪಿನ ಸಾಲು ಸಾಕು, ಹಣವೂ ಉಳಿಯುತ್ತದೆ. ಮನೆಯವರಿಗೆ ಬೇರೆ ಅಡುಗೆ ಮಾಡುವ ಪ್ರಮೇಯವೂ ಬರುವುದಿಲ್ಲ.

ಕದ್ದು ಬರುವ ಸಕ್ಕರೆಯ ದಾರಿಗಳು ಬೇರೆ ಇವೆ. ನನ್ನ ಅಂಗಡಿಯಲ್ಲಿ ಗಿರಾಕಿಗೆ ಚಹಾ ತರಿಸಿದಾಗಲೆಲ್ಲ ನನಗೂ ಒಂದು ಬರುತ್ತಿತ್ತು. ಈಗ ಸಕ್ಕರೆ ಇಲ್ಲದ್ದು ಬರುತ್ತದೆ. ಸಂಜೆಯ ಚುರುಮುರಿ ಹಗುರ ಎನಿಸಿದರೂ ಅದು ಉಬ್ಬಿದ ಅಕ್ಕಿ, ಬಹಳ ಬೇಗ ಸಕ್ಕರೆಯಾಗುತ್ತದೆ. ಅಮೀನಗಡದ ಕರದಂಟಿನ ವಿಷಯದಲ್ಲಿ ಜನ ಮಾಡುವ ವಾದ ಕೇಳಿದರೆ ನಗು ಬರುತ್ತದೆ: ಅದರಲ್ಲಿ ಬರೀ ಬೆಲ್ಲ, ಅಂಟು, ಒಣ ಹಣ್ಣು ಎನ್ನುತ್ತಾರೆ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ, ವಿಜಯಪುರದ ಒಣದ್ರಾಕ್ಷಿಯೂ ಸಕ್ಕರೆಯೇ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಡಿ. ಒಂದು ಗ್ಲುಕೋಮೀಟರ್ ಕೊಳ್ಳಿ. ಎರಡು ರೊಟ್ಟಿ ತಿಂದ ದಿನ ಊಟಕ್ಕೆ ಮೊದಲು ಮತ್ತು ಊಟ ಶುರುಮಾಡಿದ ಎರಡು ಗಂಟೆಯ ನಂತರ ನೋಡಿ, ಒಂದೇ ತಿಂದ ದಿನವೂ ಹಾಗೆಯೇ ನೋಡಿ ಬರೆದಿಡಿ. ಬಹುಪಾಲು ವಯಸ್ಕರಿಗೆ ಇರಿಸಿಕೊಳ್ಳುವ ಗುರಿ ಊಟಕ್ಕೆ ಮೊದಲು 80–130 ಮಿ.ಗ್ರಾಂ/ಡಿ.ಎಲ್., ಊಟದ ನಂತರ 180ಕ್ಕಿಂತ ಕಡಿಮೆ.

ಇನ್ನು ವ್ಯಾಯಾಮ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಎಂಬುದು ಎಲ್ಲರೂ ಹೇಳುವ ಲೆಕ್ಕ. ಅದಕ್ಕಿಂತ ನನಗೆ ಹೆಚ್ಚು ಫಲ ಕೊಟ್ಟದ್ದು ಊಟವಾದ ಕೂಡಲೇ ಹದಿನೈದು ನಿಮಿಷ ನಡೆಯುವುದು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್‌ನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ; ಇನ್ಸುಲಿನ್ ಸರಿಯಾಗಿ ನಾಟದ ನಮ್ಮಂಥವರಿಗೆ ಇದು ಹಿಂಬಾಗಿಲು. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನಮ್ಮ ಬಾಗಲಕೋಟೆ ನವನಗರದ ಅಗಲ ರಸ್ತೆಗಳು ರಾತ್ರಿ ನಡೆಯಲು ಹೇಳಿ ಮಾಡಿಸಿದಂತಿವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾತ್ರ ಮನೆಯೊಳಗೇ ಗಸ್ತು ತಿರುಗಿ. ವಾರಕ್ಕೆ ಎರಡು ಮೂರು ದಿನ ಬಸ್ಕಿ ಹೊಡೆಯಿರಿ. ಮೊಣಕಾಲು ನೋವಿದ್ದರೆ ಕುರ್ಚಿಯಿಂದ ಎದ್ದು ಕೂರುವುದೇ ಬಸ್ಕಿ. ತೊಡೆಯ ಸ್ನಾಯು ಬೆಳೆದಷ್ಟೂ ಸಕ್ಕರೆಗೆ ಜಾಗ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಬರಿಗಾಲಲ್ಲಿ ಪಾದಯಾತ್ರೆ ಹೊರಡುವವರಲ್ಲಿ ಮಧುಮೇಹಿಗಳೂ ಇರುತ್ತಾರೆ. ಕಾಲಿನ ನರ ಸೋತಿದ್ದರೆ ಸುಡುವ ಡಾಂಬರು ಗೊತ್ತೇ ಆಗುವುದಿಲ್ಲ. ಬೊಬ್ಬೆ ಹುಣ್ಣಾಗಿ, ಹುಣ್ಣು ಬೆರಳು ಕಳೆಯುವವರೆಗೂ ಹೋಗುತ್ತದೆ. ಮಲ್ಲಯ್ಯ ಚಪ್ಪಲಿ ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸುವುದಿಲ್ಲ.

ಗುಳಿಗೆಯ ಪ್ರಶ್ನೆಯಲ್ಲಿ ನಾನು ಕಟ್ಟುನಿಟ್ಟು. ಬಿಡುವುದು ಅಸಾಧ್ಯವೇನಲ್ಲ. ಬ್ರಿಟನ್ನಿನ ಡೈರೆಕ್ಟ್ ಎಂಬ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದ ಜನರಲ್ಲಿ, ಕಡಿಮೆ ಕ್ಯಾಲೊರಿಯ ಆಹಾರದಿಂದ ತೂಕ ಇಳಿಸಿದ ಗುಂಪಿನ ಶೇ 46 ಮಂದಿಗೆ ಒಂದು ವರ್ಷದ ಹೊತ್ತಿಗೆ ಗುಳಿಗೆಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಅದು ವೈದ್ಯಕೀಯ ನಿಗಾದಲ್ಲಿ ನಡೆದದ್ದು. ನಿಮ್ಮ ಚೀಟಿಯಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದು, ಪ್ರಮಾಣ ತಗ್ಗಿಸದೆ ರೊಟ್ಟಿ ಮಾತ್ರ ಕಡಿಮೆ ಮಾಡಿದರೆ ಸಕ್ಕರೆ 70ರ ಕೆಳಗೆ ಕುಸಿಯಬಹುದು. ಕೈ ನಡುಗಿ ಬೆವರು ಬಂದರೆ ತಡಮಾಡದೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಅಪಾಯ ಬೇರೆ: ಪಿಷ್ಟ ತೀರಾ ಇಳಿಸಿದಾಗ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರಬೇಕಾಗಬಹುದು. ಬರೀ ಮೆಟ್‌ಫಾರ್ಮಿನ್ ಆದರೆ ಸಕ್ಕರೆ ಕುಸಿಯುವ ಭಯ ಕಡಿಮೆ. ಮೂತ್ರಪಿಂಡದ ತೊಂದರೆ ಇದ್ದವರು ಕಾಳು, ಮೊಟ್ಟೆ, ಮಾಂಸ ಹೆಚ್ಚಿಸುವ ಮೊದಲೇ ಕೇಳಬೇಕು.

ಹಾಗಾಗಿ ನಾಳೆಯೇ ರೊಟ್ಟಿ ಅರ್ಧಕ್ಕೆ ಇಳಿಸಬೇಡಿ. ಗುಳಿಗೆಯ ಚೀಟಿ, ಒಂದು ವಾರದ ಗ್ಲುಕೋಮೀಟರ್ ಅಂಕಿ, ಈಗ ತಿನ್ನುತ್ತಿರುವ ರೊಟ್ಟಿಯ ಎಣಿಕೆ, ಇವಿಷ್ಟನ್ನು ವೈದ್ಯರ ಮುಂದಿಟ್ಟು ಪ್ರಮಾಣ ಕೇಳಿಕೊಂಡು ಶುರುಮಾಡಿ. ಅದೇ ಭೇಟಿಯಲ್ಲಿ ಕಣ್ಣಿನ ಅಕ್ಷಿಪಟಲ, ಮೂತ್ರದ ಅಲ್ಬುಮಿನ್, ಪಾದ, ಈ ಮೂರರ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಟೈಪ್ 2ರಲ್ಲಿ ಕಾಯಿಲೆ ಗೊತ್ತಾದಾಗಲೇ ಇವನ್ನು ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ.