ನ್ಯೂಯಾರ್ಕೋ ನ್ಯೂ ಹೇವನ್ನೋ: ಒಳ್ಳೆಯ ಪಿಜ್ಜಾಕ್ಕೆ ಎಲ್ಲಿಗೆ ಹೋಗಬೇಕು?

ನಮಸ್ಕಾರ. ನೀವು ಆರು ಮಂದಿ ಒಂದು ವಾರದ ಮಟ್ಟಿಗೆ ನ್ಯೂಯಾರ್ಕಿಗೆ ಬರುತ್ತಿದ್ದೀರಿ. ಅಲ್ಲಿಯ ಪಿಜ್ಜಾಕ್ಕೆ ಸಾಟಿಯಿಲ್ಲವೆಂದು ಅರ್ಧ ಜನ, ರೈಲು ಹತ್ತಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ಗೆ ಹೋಗಲೇಬೇಕೆಂದು ಇನ್ನರ್ಧ ಜನ ಹಟ ಹಿಡಿದಿದ್ದಾರೆ. ನಿಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು ಬೇರೆ. ಹೀಗಿರುವಾಗ ಬರಿಯ ಪಿಜ್ಜಾಕ್ಕಾಗಿ ಒಂದು ದಿನ ಕೊಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಡಿ. ನಾನು ಹದಿನಾರು ವರ್ಷಗಳಿಂದ ಕನೆಕ್ಟಿಕಟ್‌ನಲ್ಲಿಯೇ ಇರುವುದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಆದರೆ ಅದಕ್ಕೆ ಮೊದಲು ಮೂರು ವರ್ಷ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿದ್ದು, ಆಫೀಸಿನಿಂದ ತಡವಾಗಿ ಬಂದ ಎಷ್ಟೋ ರಾತ್ರಿಗಳಲ್ಲಿ ನ್ಯೂಯಾರ್ಕಿನ ಸ್ಲೈಸನ್ನೇ, ಅಂದರೆ ಪಿಜ್ಜಾದ ತುಂಡನ್ನೇ, ಊಟ ಮಾಡಿಕೊಂಡವನಾದ್ದರಿಂದ, ಆ ಊರಿನ ಋಣವೂ ನನ್ನ ಮೇಲಿದೆ.

ಈ ಜಗಳ ಬಗೆಹರಿಯದಿರುವುದಕ್ಕೆ ಮುಖ್ಯ ಕಾರಣವೆಂದರೆ, ಹೆಸರು ಒಂದೇ ಆದರೂ ತಿಂಡಿ ಒಂದೇ ಅಲ್ಲ. ದಾವಣಗೆರೆಯ ಬೆಣ್ಣೆ ದೋಸೆಯನ್ನೂ ಉಡುಪಿಯ ನೀರು ದೋಸೆಯನ್ನೂ ಎದುರು ಬದುರು ಇಟ್ಟು ಯಾವುದು ಮೇಲು ಎಂದು ಕೇಳಿದರೆ ಎಂಥ ಉತ್ತರ ಬಂದೀತು? ದೋಸೆಯಲ್ಲಿ ವ್ಯತ್ಯಾಸ ಹಿಟ್ಟಿನಿಂದಲೇ ಆರಂಭವಾಗುತ್ತದೆ. ಪಿಜ್ಜಾದಲ್ಲಿ ಅದು ಹೆಚ್ಚಾಗಿ ಒಲೆಯಿಂದ ಬರುತ್ತದೆ.

ನ್ಯೂಯಾರ್ಕಿನ ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ ಲೊಂಬಾರ್ಡೀಸ್ ಎಂಬ ಅಂಗಡಿ 1905ರಲ್ಲಿ ಪಿಜ್ಜಾ ಮಾರಲು ತೊಡಗಿತೆಂದು ಹೇಳುತ್ತಾರೆ. ಆ ಕಾಲದ ಒಲೆಗಳೆಲ್ಲ ಇಟ್ಟಿಗೆಯಲ್ಲಿ ಕಟ್ಟಿ ಕಲ್ಲಿದ್ದಲಿನಿಂದ ಉರಿಸುವಂಥವು. ಮುಂದೆ ಗ್ಯಾಸಿನ ಒಲೆಗಳು ಬಂದವು. ಚಿಕ್ಕ ಅಂಗಡಿಯಲ್ಲೂ ಇಡಬಹುದಾದ, ಹೆಚ್ಚು ಅನುಭವವಿಲ್ಲದವರೂ ನಿಭಾಯಿಸಬಹುದಾದ ಈ ಒಲೆಗಳಿಂದಲೇ ಇಡೀ ಪಿಜ್ಜಾದ ಬದಲು ಒಂದೊಂದು ತುಂಡು ಮಾರುವ ಅಂಗಡಿಗಳು ನಗರದ ತುಂಬ ಹಬ್ಬಿದವು. ಸುಮಾರು 280 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನಿಧಾನವಾಗಿ ಬೇಯುವ ಈ ಪಿಜ್ಜಾದ ತಳ ತೆಳ್ಳಗಿದ್ದರೂ ಮಡಚಿದರೆ ಮುರಿಯುವುದಿಲ್ಲ, ನೀರಿನಂಶ ಕಡಿಮೆಯಿರುವ ಮೊಝರೆಲ್ಲಾ ಚೀಸ್ ಮೇಲೆಲ್ಲ ಸಮನಾಗಿ ಹರಡಿಕೊಳ್ಳುತ್ತದೆ, ತಣ್ಣಗಾದ ತುಂಡನ್ನು ಮತ್ತೆ ಒಲೆಗಿಟ್ಟು ಕೊಟ್ಟರೂ ರುಚಿ ಕೆಡುವುದಿಲ್ಲ. ಎರಡಾಗಿ ಮಡಚಿ, ರಸ್ತೆ ಬದಿಯಲ್ಲಿ ನಿಂತು, ಕಾಗದದ ತಟ್ಟೆಗೆ ಎಣ್ಣೆ ಸೋರಿಸುತ್ತ ತಿನ್ನುವ ಸುಖಕ್ಕಾಗಿಯೇ ಹುಟ್ಟಿಕೊಂಡ ತಿಂಡಿ ಅದು. ಕಾರ್ಮೈನ್ ಸ್ಟ್ರೀಟ್‌ನಲ್ಲಿ 1975ರಿಂದ ಇರುವ ಜೋಸ್ ಎಂಬ ಅಂಗಡಿಯಲ್ಲಿ ಏನನ್ನೂ ಸೇರಿಸದ ಸಾದಾ ಸ್ಲೈಸ್ ತಿಂದರೆ ನ್ಯೂಯಾರ್ಕ್ ಪಕ್ಷದ ಗೆಳೆಯರ ವಾದ ಅರ್ಥವಾಗುತ್ತದೆ. ನಗರದ ನೀರಿನ ಗುಣದಿಂದಲೇ ಈ ರುಚಿ ಎಂದು ಅವರು ಹೇಳಿದರೆ ನಕ್ಕು ಸುಮ್ಮನಾಗಿ. ಕಾವೇರಿ ನೀರಿಲ್ಲದೆ ಕಾಫಿಯೇ ಆಗದು ಎನ್ನುವ ಮೈಸೂರಿನ ನನ್ನ ಸೋದರಮಾವನ ನೆನಪಾಗುತ್ತದೆ.

ನ್ಯೂ ಹೇವನ್ ಕಲ್ಲಿದ್ದಲನ್ನು ಅಷ್ಟು ಸುಲಭವಾಗಿ ಕೈಬಿಡಲಿಲ್ಲ. ಇಟಲಿಯ ಅಮಾಲ್ಫಿ ತೀರದ ಮಾಯೋರಿಯಿಂದ ಬಂದ ಫ್ರಾಂಕ್ ಪೆಪೆ 1925ರಲ್ಲಿ ವೂಸ್ಟರ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದರು. ಅವರ ಸೋದರಿಯ ಮಗ ಸಾಲ್ವತೋರೆ ಕನ್ಸಿಲಿಯೊ 1938ರಲ್ಲಿ ಅದೇ ಬೀದಿಯಲ್ಲಿ ಸ್ಯಾಲೀಸ್ ಶುರುಮಾಡಿದರು. ಎರಡೂ ಕಡೆ ಇಂದಿಗೂ ಕಲ್ಲಿದ್ದಲಿನ ಒಲೆಯೇ ಉರಿಯುತ್ತದೆ. ಕಟ್ಟಿಗೆಗಿಂತ ಕಲ್ಲಿದ್ದಲಿನ ಉರಿಯಲ್ಲಿ ತೇವ ಕಡಿಮೆ; ಆ ಒಣ ಕಾವಿಗೆ ಅಂಚು ಅಲ್ಲಲ್ಲಿ ಕಪ್ಪಾಗಿ, ತಳ ಗರಿಗರಿಯಾಗಿ, ಒಳಗೆ ಜಗಿಯುವಷ್ಟು ಮೆದುವಾಗಿ ಉಳಿಯುತ್ತದೆ. ಆಕಾರವೂ ದುಂಡಗಿರದೆ ಒಂದು ಕಡೆಗೆ ಎಳೆದಂತೆ ಸೊಟ್ಟಗಿರುತ್ತದೆ. ಅದನ್ನು ನೋಡಿ ಸೀದಿದೆ ಎಂದು ಹಿಂದಿರುಗಿಸಲು ಹೋಗಬೇಡಿ. ನಾನು ಮೊದಲ ಸಲ ಹೋದಾಗ ಆ ಮಾತು ಬಾಯಿಗೆ ಬಂದಿತ್ತು, ಪಕ್ಕದ ಮೇಜಿನವರ ತಟ್ಟೆ ನೋಡಿ ನುಂಗಿಕೊಂಡೆ. ಊರಿನವರು ಇದನ್ನು ಪಿಜ್ಜಾ ಎನ್ನುವುದಿಲ್ಲ, ಇಟಲಿಯ ನೇಪಲ್ಸ್ ಕಡೆಯ ಆಡುಮಾತಿನಂತೆ ‘ಅಬೀಟ್ಸ್’ ಎನ್ನುತ್ತಾರೆ. ಸ್ಟೇಟ್ ಸ್ಟ್ರೀಟ್‌ನಲ್ಲಿ 1934ರಿಂದ ಇರುವ ಮಾಡರ್ನ್ ಎಂಬ ಮೂರನೆಯ ಅಂಗಡಿ ಮಾತ್ರ ಇಟ್ಟಿಗೆಯ ಒಲೆಯನ್ನು ಎಣ್ಣೆಯಿಂದ ಉರಿಸುತ್ತದೆ, ಆದರೂ ಅದರ ಪಿಜ್ಜಾ ಬಹಳ ಚೆನ್ನಾಗಿರುತ್ತದೆ. ಕಲ್ಲಿದ್ದಲಿನ ಬಗೆಗಿನ ನನ್ನ ಸಿದ್ಧಾಂತಕ್ಕೆ ಇದು ಸ್ವಲ್ಪ ತೊಡಕೇ ಎಂದು ಒಪ್ಪಿಕೊಳ್ಳಬೇಕು.

ಇಲ್ಲಿ ಏನು ತರಿಸಿಕೊಳ್ಳಬೇಕೆಂಬುದು ಮುಖ್ಯ, ಏಕೆಂದರೆ ತಪ್ಪಾಗಿ ಹೇಳಿ ನಿರಾಶರಾದವರನ್ನು ಬಹಳ ಕಂಡಿದ್ದೇನೆ. ಸಾದಾ ಪಿಜ್ಜಾ ಎಂದರೆ ಇಲ್ಲಿ ಟೊಮೆಟೊ, ಒರೆಗಾನೊ, ಎಣ್ಣೆ, ಮೇಲೆ ಉದುರಿಸಿದ ತುರಿದ ಚೀಸ್ ಮಾತ್ರ. ಮೊಝರೆಲ್ಲಾ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು. ನನ್ನ ಮಟ್ಟಿಗೆ ಸ್ಯಾಲೀಸ್‌ನ ಈ ಟೊಮೆಟೊ ಪಿಜ್ಜಾಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ತಿಂದಿಲ್ಲ. ಮೇಲಿನ ಭಾರವಿಲ್ಲದಿರುವುದರಿಂದ ಹಿಟ್ಟಿನ ಹದವೂ ಟೊಮೆಟೊದ ಸಿಹಿಹುಳಿಯೂ ನಾಲಗೆಗೆ ನೇರವಾಗಿ ತಿಳಿಯುತ್ತವೆ. ನಿಮ್ಮ ಸಸ್ಯಾಹಾರಿ ಗೆಳೆಯರಿಗೆ ಒಂದು ಎಚ್ಚರಿಕೆ: ತುರಿದ ಚೀಸ್ ಪೆಕೊರಿನೊ ರೊಮಾನೊ ಆಗಿದ್ದರೆ, ಅದರ ಹಾಲನ್ನು ಒಡೆಯಲು ಕುರಿಮರಿಯ ಜಠರದಿಂದ ತೆಗೆದ ರೆನೆಟ್ ಬಳಸಿರುತ್ತಾರೆ. ಅದು ಬೇಡವೆನಿಸಿದರೆ ಚೀಸ್ ಹಾಕಬೇಡಿ ಎಂದು ಮೊದಲೇ ಹೇಳಬೇಕು. ನಾನು ಹಾಗೆಯೇ ತರಿಸಿಕೊಳ್ಳುತ್ತೇನೆ, ಕೊರತೆಯೆನಿಸಿಲ್ಲ.

ಪೆಪೆ ಅಂಗಡಿಯ ಹೆಸರು ದೇಶಕ್ಕೆಲ್ಲ ತಿಳಿದಿರುವುದು ಮಾತ್ರ ಟೊಮೆಟೊ ಇಲ್ಲದ ಬಿಳಿಯ ಕ್ಲಾಮ್ ಪಿಜ್ಜಾದಿಂದ. ನಮ್ಮ ಕರಾವಳಿಯ ಮರುವಾಯಿಯನ್ನು ಹೋಲುವ ಚಿಪ್ಪಿನ ಮಾಂಸ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ತುರಿದ ಚೀಸ್ ಇಷ್ಟೇ ಅದರಲ್ಲಿರುವುದು. ನಾನು ಅದನ್ನು ತಿಂದವನಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗ ಅದರ ಮುಂದೆ ಬೇರೆ ಮಾತೇ ಬೇಡ ಎನ್ನುತ್ತಾನೆ. ಈ ಜಿಲ್ಲೆಯ ಸಂಸದೆ ರೋಸಾ ಡಿಲಾರೊ 2024ರಲ್ಲಿ ಅಮೆರಿಕದ ಸಂಸತ್ತಿನಲ್ಲಿಯೇ ನ್ಯೂ ಹೇವನ್ ದೇಶದ ಪಿಜ್ಜಾ ರಾಜಧಾನಿಯೆಂದು ಸಾರಿದರು ಎಂಬುದನ್ನೂ ಅವನು ಸಾಕ್ಷಿಯಾಗಿ ಮುಂದಿಡುತ್ತಾನೆ; ತನ್ನ ಮತದಾರರ ಊರನ್ನು ಹೊಗಳದ ಸಂಸದೆ ಎಲ್ಲಿದ್ದಾರೆ?

ಇವೆರಡೂ ಅಲ್ಲ, ನೇಪಲ್ಸಿನದೇ ನಿಜವಾದ ಪಿಜ್ಜಾ ಎನ್ನುವವರೂ ನಿಮ್ಮ ಗುಂಪಿನಲ್ಲಿ ಇದ್ದಾರು. ಅಲ್ಲಿಯ ಪಿಜ್ಜಾ ತಯಾರಕರ ಕಲೆ 2017ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿದ್ದು ನಿಜ. ಆದರೆ ಕಟ್ಟಿಗೆಯ ಉರಿಯಲ್ಲಿ ಒಂದು, ಒಂದೂವರೆ ನಿಮಿಷದೊಳಗೆ ಬೆಂದು ನಡುವೆ ತೊಯ್ದಂತಿರುವ ಆ ಪಿಜ್ಜಾ ಬೇರೆಯೇ ಜಾತಿ. ಅದನ್ನು ಈ ಜಗಳಕ್ಕೆ ಎಳೆದು ತರುವುದು ಬೇಡ.

ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ನಿಲ್ದಾಣದಿಂದ ಮೆಟ್ರೊ ನಾರ್ತ್ ರೈಲಿನಲ್ಲಿ ನ್ಯೂ ಹೇವನ್‌ಗೆ ಸುಮಾರು ಎರಡು ಗಂಟೆಯ ಹಾದಿ, ನಿಲ್ದಾಣದಿಂದ ವೂಸ್ಟರ್ ಸ್ಟ್ರೀಟ್‌ಗೆ ನಡೆದೇ ಹೋಗಬಹುದು. ಶನಿವಾರ, ಭಾನುವಾರ ಸರದಿ ಬಹಳ ಉದ್ದವಿರುವುದರಿಂದ ವಾರದ ನಡುವಿನ ದಿನ, ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಲ್ಲಿ. ಬೀದಿ ಒಂದೇ ಆದ್ದರಿಂದ ಪೆಪೆಯಲ್ಲಿ ಒಂದು, ಸ್ಯಾಲೀಸ್‌ನಲ್ಲಿ ಒಂದು ಎಂದು ಆರು ಜನ ಹಂಚಿಕೊಂಡು ತಿಂದರೆ ಹೊಟ್ಟೆಯೂ ತಡೆದುಕೊಳ್ಳುತ್ತದೆ. ಉಳಿದವರಿಗೆಂದು ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ಬರುವ ಯೋಚನೆಯನ್ನು ಮಾತ್ರ ಮಾಡಬೇಡಿ. ಊರಿನಿಂದ ಬಂದಿದ್ದ ಅಪ್ಪನಿಗೆ ತಿನ್ನಿಸಬೇಕೆಂದು ನಾನೊಮ್ಮೆ ಮುಕ್ಕಾಲು ಗಂಟೆ ಕಾರಿನಲ್ಲಿ ತಂದಿದ್ದೆ. ಮುಚ್ಚಿದ ಪೆಟ್ಟಿಗೆಯ ಹಬೆಗೆ ತಳವೆಲ್ಲ ಮೆತ್ತಗಾಗಿತ್ತು, ಅಪ್ಪ ಒಂದು ತುಂಡು ತಿಂದು, ಮಜ್ಜಿಗೆ ಅನ್ನ ಇದೆಯೇ ಎಂದು ಕೇಳಿದರು.