ಅಪ್ಪ ಅಮ್ಮ ಊರಲ್ಲಿದ್ರೆ ಅಮೆರಿಕದಲ್ಲಿ ಕ್ಲಿಯರೆನ್ಸ್ ಸಿಗಲ್ವಾ?

ಪ್ರಶ್ನೆ: ಹೆಸರು ಹಾಕ್ಬೇಡಿ ಪ್ಲೀಸ್. ವರ್ಜೀನಿಯಾದಲ್ಲಿ ಇಂಜಿನಿಯರ್ ಆಗಿದೀನಿ, 3 ವರ್ಷದ ಹಿಂದೆ ಅಮೆರಿಕನ್ ಸಿಟಿಜನ್ ಆದೆ, ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದೆ. ಡಿಫೆನ್ಸ್ ಪ್ರಾಜೆಕ್ಟ್‌ಗೆ ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿ ನೋಡೋಕೆ ಅನುಮತಿ) ಬೇಕು ಅಂತ ಕಂಪನಿಯವರು ಫಾರ್ಮ್ ತುಂಬೋಕೆ ಹೇಳಿದಾರೆ. ಅಪ್ಪ ಅಮ್ಮ ಹಾಸನದಲ್ಲಿ, ತಮ್ಮ ಬೆಂಗಳೂರಲ್ಲಿ ಭಾರತ ಸರ್ಕಾರದ ರಕ್ಷಣಾ ಕಂಪನಿಯಲ್ಲಿ. ಅಪ್ಪನ ಜೊತೆ ಜಾಯಿಂಟ್ ಅಕೌಂಟೂ ಇದೆ. ಫ್ರೆಂಡ್ ಒಬ್ರು, ಓಸಿಐ ಅಂದ್ರೆ ಡ್ಯುಯಲ್ ಸಿಟಿಜನ್‌ಶಿಪ್ಪೇ, ರಿಜೆಕ್ಟ್ ಆಗುತ್ತೆ, ತಮ್ಮನ ಕೆಲಸದ ವಿಷಯ ಬರೀಲೇಬೇಡ ಅಂತಾರೆ.

ಉತ್ತರ: ದಯವಿಟ್ಟು ಆ ಮಾತು ಕೇಳ್ಬೇಡಿ. ಕ್ಲಿಯರೆನ್ಸ್‌ಗೆ ತುಂಬೋ ಎಸ್ಎಫ್-86 ಫಾರ್ಮ್‌ನ 18ನೇ ಸೆಕ್ಷನ್‌ನಲ್ಲಿ ಹತ್ತಿರದ ಸಂಬಂಧಿಕರು ಯಾರು, ಎಲ್ಲಿ ಕೆಲಸ, ಎಷ್ಟು ಸಲ ಮಾತಾಡ್ತೀರಿ, ಅವರಿಗೆ ವಿದೇಶಿ ಸರ್ಕಾರದ ನಂಟಿದೆಯಾ ಅಂತ ನೇರವಾಗೇ ಕೇಳ್ತಾರೆ. ಅಲ್ಲಿ ಬೇಕಂತಲೇ ಮುಚ್ಚಿಟ್ರೆ ಕ್ಲಿಯರೆನ್ಸ್ ಹೋಗೋದು ಬಿಡಿ, ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅದು 5 ವರ್ಷದವರೆಗೂ ಜೈಲಾಗಬಹುದಾದ ಅಪರಾಧ. ತಮ್ಮನ ಕೆಲಸ ಇದ್ದದ್ದು ಇದ್ದ ಹಾಗೆ ಬರೆದ್ರೆ ಅದು ಅವರು ತೂಕ ಹಾಕೋ ವಿಷಯ ಅಷ್ಟೇ, ಬಚ್ಚಿಟ್ರೆ ಪ್ರಶ್ನೆ ನಿಮ್ಮ ಪ್ರಾಮಾಣಿಕತೆ ಮೇಲೇ ಬರುತ್ತೆ, ಆಮೇಲೆ ತಮ್ಮ ಎಷ್ಟೇ ಒಳ್ಳೆಯವನಾಗಿದ್ರೂ ಏನು ಪ್ರಯೋಜನ?

ಓಸಿಐ ವಿಷಯಕ್ಕೆ ಬಂದ್ರೆ ಹೆಸರಲ್ಲಿ ಸಿಟಿಜನ್ ಅಂತಿದ್ರೂ ಅದು ಪೌರತ್ವ ಅಲ್ಲ. ಭಾರತ ಎರಡು ಪೌರತ್ವ ಒಪ್ಪಲ್ಲ, ನೀವು ಅಮೆರಿಕನ್ ಆದಾಗಲೇ 1955ರ ಪೌರತ್ವ ಕಾಯ್ದೆ ಪ್ರಕಾರ ಭಾರತದ ಪೌರತ್ವ ಹೋಯ್ತು. ಓಸಿಐಯಲ್ಲಿ ಓಟೂ ಇಲ್ಲ, ಭಾರತದ ಪಾಸ್‌ಪೋರ್ಟೂ ಇಲ್ಲ. ಆದ್ರೂ ಫಾರ್ಮ್‌ನ ಕಾಮೆಂಟ್ ಜಾಗದಲ್ಲಿ ಕಾರ್ಡ್ ಇದೆ ಅಂತ ಬರೆದುಬಿಡಿ. ಹಳೇ ಭಾರತೀಯ ಪಾಸ್‌ಪೋರ್ಟ್ ಇನ್ನೂ ಸರೆಂಡರ್ ಮಾಡಿಲ್ಲ ಅಂದ್ರೆ ಮೊದಲು ಆ ಕೆಲಸ ಮುಗಿಸಿ.

ಈಗ ನಿಜವಾದ ವಿಷಯ. 2017ರಿಂದ ಜಾರಿಯಲ್ಲಿರೋ ಕ್ಲಿಯರೆನ್ಸ್ ಕೊಡಬೇಕಾ ಬೇಡ್ವಾ ಅಂತ ನಿರ್ಧರಿಸೋ 13 ಮಾನದಂಡಗಳಲ್ಲಿ ನಿಮಗೆ ತಾಗೋದು ಗೈಡ್‌ಲೈನ್ ಬಿ, ಅಂದ್ರೆ ವಿದೇಶಿ ಪ್ರಭಾವ. ಅಪ್ಪ ಅಮ್ಮನ್ನ ಪ್ರೀತಿಸೋದು ತಪ್ಪು ಅಂತ ಅದು ಹೇಳಲ್ಲ, ಅವರ ಮೂಲಕ ಯಾರಾದ್ರೂ ನಿಮ್ಮ ಮೇಲೆ ಒತ್ತಡ ಹಾಕಬಹುದಾ ಅಂತ ನೋಡುತ್ತೆ, ಅದಕ್ಕೇ ಆ ದೇಶ ಯಾವುದು, ಅವರ ಕೆಲಸ ಏನು, ನಿಮ್ಮ ಬೇರು ಅಮೆರಿಕದಲ್ಲಿ ಎಷ್ಟು ಆಳ ಇಳಿದಿದೆ ಅನ್ನೋದೆಲ್ಲ ಲೆಕ್ಕಕ್ಕೆ ಬರುತ್ತೆ. ಮನೆ, ಮಕ್ಕಳ ಸ್ಕೂಲು, ಉಳಿತಾಯ ಎಲ್ಲ ಅಲ್ಲೇ ಇದ್ದು, ಜಾಯಿಂಟ್ ಅಕೌಂಟ್‌ನಲ್ಲಿರೋದು ನಿಮ್ಮ ಒಟ್ಟು ಆಸ್ತಿಯ ಸಣ್ಣ ಪಾಲು ಅಂತಾದ್ರೆ ಅದು ನಿಮ್ಮ ಪರವಾಗೇ ನಿಲ್ಲುತ್ತೆ, ದಾಖಲೆ ಈಗಲೇ ಜೋಡಿಸಿಟ್ಕೊಳ್ಳಿ. ನಿಮ್ಮ ಕೇಸಲ್ಲಿ ಕಷ್ಟದ ಜಾಗ ತಮ್ಮನ ಉದ್ಯೋಗವೇ, ಸುಳ್ಳು ಧೈರ್ಯ ಹೇಳಲ್ಲ. ಸಂಶಯ ಉಳಿದ್ರೆ ಅದು ರಾಷ್ಟ್ರೀಯ ಭದ್ರತೆಯ ಕಡೆಗೇ ಹೋಗುತ್ತೆ ಅಂತ ನಿಯಮದಲ್ಲೇ ಇದೆ, ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಹೇಳಿದೆ. ಆದ್ರೆ ಮೊದಲ ನೋಟಿಸ್ ಬಂದ ತಕ್ಷಣ ಎಲ್ಲಾ ಮುಗೀತು ಅಂತಲ್ಲ. ಡಿಫೆನ್ಸ್ ಕಾಂಟ್ರ್ಯಾಕ್ಟರ್ ಕಂಪನಿಯಲ್ಲಿ ಕೆಲಸ ಮಾಡೋರಿಗೆ ಕಾರಣಗಳನ್ನ ಬರೆದು ಕಳಿಸ್ತಾರೆ, 20 ದಿನದೊಳಗೆ ಉತ್ತರ ಕೊಟ್ಟು ಜಡ್ಜ್ ಮುಂದೆ ವಿಚಾರಣೆ ಕೇಳಬಹುದು. ಆ ಹಂತ ಬಂದ್ರೆ ಈ ಕೇಸುಗಳನ್ನೇ ನೋಡೋ ವಕೀಲರ ಹತ್ರ ಹೋಗಿ.

ಪ್ರಶ್ನೆ: ನನ್ನ ಮಗಳಿಗೆ ಕೆನಡಾ, ಅಮೆರಿಕ ಎರಡೂ ಪೌರತ್ವ. ಕ್ಲಿಯರೆನ್ಸ್‌ಗೆ ಕೆನಡಾ ಪಾಸ್‌ಪೋರ್ಟ್ ಒಪ್ಪಿಸಬೇಕಾ?

ಉತ್ತರ: ಮೊದಲು ಹಾಗಿತ್ತು, 2000ದಲ್ಲಿ ರಕ್ಷಣಾ ಇಲಾಖೆ ಮಾಡಿದ ನಿಯಮ ಅದು, ಎಷ್ಟೋ ಜನ ಅದನ್ನೇ ಇನ್ನೂ ನಂಬ್ಕೊಂಡಿದಾರೆ. 2017ರ ಜೂನ್ 8ರಿಂದ ಎರಡು ಪೌರತ್ವ ಇದೆ ಅನ್ನೋದೊಂದೇ ಅನರ್ಹತೆ ಅಲ್ಲ. ಆ ಪಾಸ್‌ಪೋರ್ಟ್ ಇರೋದನ್ನ ಫಾರ್ಮ್‌ನಲ್ಲಿ ಹೇಳ್ಬೇಕು, ಅಮೆರಿಕದೊಳಗೆ ಬರುವಾಗ, ಅಲ್ಲಿಂದ ಹೊರಗೆ ಹೋಗುವಾಗ ಅಮೆರಿಕದ ಪಾಸ್‌ಪೋರ್ಟೇ ಬಳಸಬೇಕು. ಕ್ಲಿಯರೆನ್ಸ್ ಸಿಕ್ಕ ಮೇಲೆ ವಿದೇಶಕ್ಕೆ ಹೋಗೋ ಮುಂಚೆ ಆಫೀಸಿನ ಸೆಕ್ಯುರಿಟಿ ಅಧಿಕಾರಿಗೆ ತಿಳಿಸೋದೂ ಕಡ್ಡಾಯ. ದಿಢೀರಂತ ಒಂದು ದಿನಕ್ಕೆ ಕೆನಡಾ ಗಡಿ ದಾಟಿ ಬಂದ್ರೂ ವಾಪಸ್ ಬಂದು 5 ಕೆಲಸದ ದಿನದೊಳಗೆ ಹೇಳ್ಬೇಕು, ಇದನ್ನ ಮಗಳಿಗೆ ಈಗಲೇ ಹೇಳಿಡಿ.