ಪ್ರಾಕ್ಟಿಕಲ್‌ನಲ್ಲಿ ಪುಸ್ತಕದ ಉತ್ತರ ಬರದಿದ್ದರೆ ರೀಡಿಂಗ್ ತಿದ್ದಬಹುದಾ?

ನೀವು ಕೇಳಿದ್ದು ಇಷ್ಟು. ಕಾಸರಗೋಡಿನಲ್ಲಿ ಬಿಎಸ್ಸಿ ಫಿಸಿಕ್ಸ್ ಓದುತ್ತಿದ್ದೀರಿ. ಒಂದು ಮೀಟರ್ ಉದ್ದದ ಲೋಲಕ ಕಟ್ಟಿ, 20 ಆಂದೋಲನ ಎಣಿಸಿ ಗುರುತ್ವ ಲೆಕ್ಕ ಹಾಕಿದರೆ 9.76 ಬಂತು, ಪುಸ್ತಕದಲ್ಲಿ 9.81 ಇದೆ. ಸೀನಿಯರ್‌ಗಳು ‘ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದುಬಿಡು, ಎಲ್ಲರೂ ಮಾಡುವುದು ಹಾಗೇ’ ಅಂದರು. ಹಾಗೆ ಮಾಡಬಹುದಾ, ಇಷ್ಟೂ ಸರಿ ಬರದವನಿಗೆ ಮುಂದೆ ಸಂಶೋಧನೆ ಆಗುತ್ತದಾ ಅಂತ ನಿಮ್ಮ ಪ್ರಶ್ನೆ.

ತಿದ್ದಬೇಡಿ. ಅದಕ್ಕಿಂತ ಮೊದಲು ಇದನ್ನು ಕೇಳಿ, ನಿಮ್ಮ 9.76 ತಪ್ಪೇ ಅಲ್ಲ.

ಗುರುತ್ವದ ಬೆಲೆ ಭೂಮಿಯ ಮೇಲೆ ಎಲ್ಲಾ ಕಡೆ ಒಂದೇ ಇರುವುದಿಲ್ಲ. ಧ್ರುವದ ಹತ್ತಿರ 9.83, ಭೂಮಧ್ಯರೇಖೆಯ ಹತ್ತಿರ 9.78. ಭೂಮಿ ತಿರುಗುತ್ತಾ ಇರುವುದರಿಂದ ಮತ್ತು ನಡುವೆ ಸ್ವಲ್ಪ ಉಬ್ಬಿಕೊಂಡಿರುವುದರಿಂದ ಹೀಗೆ. ಪುಸ್ತಕದ 9.81 ಯುರೋಪಿನ ಕಡೆಗೆ ಹೊಂದುವ ಬೆಲೆ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಲ್ಲಿಗೆ ಲೆಕ್ಕ ಹಾಕಿದರೆ 9.78 ಬರುತ್ತದೆ. ಅಂದರೆ ನಮ್ಮೂರಿನಲ್ಲಿ ಕೂತು 9.81 ಬರುವ ಹಾಗೆ ರೀಡಿಂಗ್ ತಿದ್ದುವವರು ಸರಿ ಉತ್ತರವನ್ನು ಅಳಿಸಿ ಬೇರೆ ಊರಿನ ಉತ್ತರ ಬರೆಯುತ್ತಿದ್ದಾರೆ. ನಾನೂ ಬದಿಯಡ್ಕದ ಕಡೆಯವನೇ, ಡಿಗ್ರಿಯಲ್ಲಿ ನಾನೂ ಇದನ್ನೇ ಮಾಡಿದೆ, ಇದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

1672ರಲ್ಲಿ ಜಾನ್ ರಿಶೇ ಅನ್ನುವ ಫ್ರಾನ್ಸಿನ ಖಗೋಳ ವಿಜ್ಞಾನಿ ಪ್ಯಾರಿಸ್‌ನಿಂದ ಲೋಲಕದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ತೆಗೆದುಕೊಂಡು ಹೋದರು. ಭೂಮಧ್ಯರೇಖೆಗೆ ತುಂಬಾ ಹತ್ತಿರದ ಊರು, ಅಲ್ಲಿ ಗುರುತ್ವ ಕಡಿಮೆ, ಹಾಗಾಗಿ ಲೋಲಕ ನಿಧಾನವಾಗಿ ಆಡುತ್ತದೆ. ಪ್ಯಾರಿಸ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಿದ ಮೇಲೆ ಸರಿಹೋಯಿತು. ‘ಹಡಗಿನಲ್ಲಿ ಏನೋ ಹಾಳಾಗಿರಬೇಕು’ ಅಂತ ಸುಮ್ನೆ ಬಿಡಬಹುದಿತ್ತು, ಅಲ್ವಾ? ಬಿಡದೆ ಬರೆದಿಟ್ಟರು. ಭೂಮಿ ನಡುವೆ ಉಬ್ಬಿದೆ ಅಂತ ವಾದಿಸುವಾಗ ನ್ಯೂಟನ್‌ಗೆ ಕೈಗೆ ಸಿಕ್ಕಿದ ಸಾಕ್ಷಿಗಳಲ್ಲಿ ಆ 3 ಮಿಲಿಮೀಟರ್ ಕೂಡ ಒಂದು.

ಆದರೆ ‘9.78ರ ಹತ್ತಿರ ಬಂತು, ಗೆದ್ದೆ’ ಅಂತಲೂ ಅಂದುಕೊಳ್ಳಬೇಡಿ. 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್ ಆಗುತ್ತದೆ. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡ್ ಹಿಂದೆ ಮುಂದೆ ಆಗಿಯೇ ಆಗುತ್ತದೆ. ಅದು ಸಮಯದಲ್ಲಿ ಶೇಕಡಾ ಅರ್ಧ. ಸೂತ್ರದಲ್ಲಿ ಸಮಯದ ವರ್ಗ ಇರುವುದರಿಂದ ಉತ್ತರದಲ್ಲಿ ಶೇಕಡಾ ಒಂದು, ಅಂದರೆ ಹೆಚ್ಚುಕಡಿಮೆ 0.1. ಹಾಗಾಗಿ ನಿಮ್ಮ ಪ್ರಯೋಗ ಹೇಳುತ್ತಿರುವುದು ‘9.66ರಿಂದ 9.86ರ ಒಳಗೆ ಎಲ್ಲೋ ಇದೆ’ ಅಂತ. 9.78, 9.81 ಎರಡೂ ಅದರೊಳಗೇ ಬಿದ್ದವು! ನಿಮ್ಮ ರೀಡಿಂಗ್ ಸುಳ್ಳು ಹೇಳಿಲ್ಲ, ಅದಕ್ಕೆ ಅಷ್ಟು ಸೂಕ್ಷ್ಮವಾಗಿ ಹೇಳುವ ಶಕ್ತಿ ಇಲ್ಲ ಅಷ್ಟೇ.

ಶಕ್ತಿ ಬರಬೇಕಾದರೆ 100 ಆಂದೋಲನ ಎಣಿಸಿ. ಸುಮಾರು 200 ಸೆಕೆಂಡ್ ಆಗುತ್ತದೆ, ಅದೇ 0.2 ಸೆಕೆಂಡಿನ ತಪ್ಪು ಈಗ ಉತ್ತರದಲ್ಲಿ 0.02ಕ್ಕೆ ಇಳಿಯುತ್ತದೆ. ಐದು ಸಲ ಮಾಡಿ ಸರಾಸರಿ ತೆಗೆದರೆ ಇನ್ನೂ ಕಡಿಮೆ. ಉದ್ದವನ್ನು ಗುಂಡಿನ ಕೊಕ್ಕೆಯವರೆಗೆ ಅಲ್ಲ, ಗುಂಡಿನ ನಡುವಿನವರೆಗೆ ಅಳೆಯಿರಿ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ 0.01 ತಪ್ಪುತ್ತದೆ. ಗುಂಡನ್ನು ಐದು ಸೆಂಟಿಮೀಟರಿಗಿಂತ ಜಾಸ್ತಿ ಎಳೆಯಬೇಡಿ. 10 ಡಿಗ್ರಿ ಎಳೆದು ಬಿಟ್ಟರೆ ಉತ್ತರ 0.04ರಷ್ಟು ಕಡಿಮೆ ಬರುತ್ತದೆ. ಗುಂಡು ಅತ್ಯಂತ ಜೋರಾಗಿ ಓಡುವ ನಡುಬಿಂದುವಿನಲ್ಲಿ ಗಡಿಯಾರ ಒತ್ತಿ, ಒತ್ತುವಾಗ ‘ಸೊನ್ನೆ’ ಅನ್ನಿ. ‘ಒಂದು’ ಅಂತ ಶುರು ಮಾಡಿದರೆ 20 ಅಂತ ಬರೆದದ್ದು ನಿಜಕ್ಕೂ 19 ಆಗಿರುತ್ತದೆ, ಆಗ ಉತ್ತರ 10ನ್ನೂ ದಾಟಿ ಹೋಗುತ್ತದೆ. ಇಷ್ಟು ಮಾಡಿದರೆ 9.78 ಮತ್ತು 9.81 ಬೇರೆ ಬೇರೆ ಅಂತ ನಿಮ್ಮ ಕೈಯಲ್ಲೇ ಕಾಣುವ ಸಾಧ್ಯತೆ ಇದೆ. ಒಂದು ದಾರ, ಒಂದು ಗುಂಡು, ಒಂದು ಮೊಬೈಲ್ ಸಾಕು ಇದಕ್ಕೆ.

ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದ್ದರೆ ಇದು ಹೊಸದೇನೂ ಅನ್ನಿಸಲಿಕ್ಕಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಆದರೂ ಅಪ್ಪ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆದು ನೋಡುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಅಂತ ಅರ್ಥ, ಹಾಗೇ ಹೊಡೆದರೆ ಗಿಡ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಕತ್ತಿ ಮುಳುಗಿಸುತ್ತಿದ್ದರು. ಸುಣ್ಣ ಹಳೆಯದಾದರೆ ಗಾಳಿ ತಾಗಿ ಅದರ ಸತ್ವ ಹೋಗಿರುತ್ತದೆ, ಆಗ ಒಂದು ಕೆ.ಜಿ. ಸಾಲುವುದಿಲ್ಲ. ‘ಲೆಕ್ಕದ ಪ್ರಕಾರ ಸರಿ ಇದೆ’ ಅಂತ ಕತ್ತಿ ಮೇಲಿನ ಕೆಂಪನ್ನು ಒರೆಸಿದವರನ್ನು ನಾನು ನೋಡಿಲ್ಲ.

ಹಾಗಿದ್ದ ಮನೆಯಿಂದ ಬಂದ ನಾನೇ ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಒರೆಸಿದೆ. ನಮ್ಮ ಕಡೆಯ ಸುರಂಗಗಳು ನಿಮಗೆ ಗೊತ್ತಲ್ಲ, ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದು ನೀರು ತರಿಸುವುದು. ಅದರ ನೀರಿನ ಪಿಎಚ್ (ನೀರಿನ ಹುಳಿ ಹೇಳುವ ಅಂಕಿ, ಹುಳಿ ಜಾಸ್ತಿಯಾದಷ್ಟು ಅದು ಕಡಿಮೆ) ಅಳೆಯುವ ಕೆಲಸ ನನ್ನದು. ಬೆಳಿಗ್ಗೆ ಸುರಂಗದ ಬಾಯಲ್ಲೇ ಅಳೆದರೆ 6ಕ್ಕಿಂತ ಕಡಿಮೆ, ಅದೇ ಬಾಟಲಿಯನ್ನು ಸಂಜೆ ಲ್ಯಾಬಿನಲ್ಲಿ ಅಳೆದರೆ 6ಕ್ಕಿಂತ ಜಾಸ್ತಿ. ಮೀಟರ್ ಸರಿಯಿಲ್ಲ ಅಂದುಕೊಂಡು ಬೆಳಗಿನದ್ದನ್ನೆಲ್ಲ ಅಳಿಸಿ ಸಂಜೆಯದ್ದು ಬರೆದೆ. ನಮ್ಮ ಮೇಡಂ ಪುಸ್ತಕ ನೋಡಿ, ‘ಬೆಳಗಿನ ರೀಡಿಂಗ್ ಎಲ್ಲಿ?’ ಅಂತ ಕೇಳಿದರು. ಇರಲಿಲ್ಲ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಹೊರಗೆ ಬಂದ ಮೇಲೆ ಅದು ಹಾರಿಹೋಗುತ್ತದೆ, ಹುಳಿ ಕಡಿಮೆಯಾಗುತ್ತದೆ, ಪಿಎಚ್ ಏರುತ್ತದೆ. ಮೀಟರ್ ಎರಡು ಸಲವೂ ನಿಜವನ್ನೇ ಹೇಳಿತ್ತು. ಸುರಂಗದೊಳಗಿನ ನೀರು ಹೇಗಿದೆ ಅಂತ ಹೇಳುತ್ತಿದ್ದ ಅಂಕಿಯನ್ನೇ ನಾನು ಅಳಿಸಿದ್ದೆ. ಮಳೆ ಶುರುವಾಗಿತ್ತು, ಆ ಬೇಸಿಗೆಯ ನೀರು ಮತ್ತೆ ಸಿಗಲಿಲ್ಲ. ಈಗ ನೀರಿನ ಪರೀಕ್ಷೆಯೇ ನನ್ನ ಕೆಲಸ, ಆ ಒಂದು ಪುಟ ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಸಂಶೋಧನೆ ನಿಮಗೆ ಆಗುತ್ತದಾ ಅಂತ ಕೇಳಿದಿರಲ್ಲ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಸಾರಜನಕದ ತೂಕ ನೋಡುತ್ತಿದ್ದಾಗ ಗಾಳಿಯಿಂದ ತೆಗೆದದ್ದು, ಅಮೋನಿಯಾದಿಂದ ತೆಗೆದದ್ದಕ್ಕಿಂತ ಸಾವಿರದಲ್ಲಿ ಒಂದು ಪಾಲು ಭಾರ ಬಂತು. ಎಂಥವರಿಗೂ ಕೈಬಿಡಬಹುದು ಅನ್ನಿಸುವಷ್ಟು ಸಣ್ಣದು. ಅವರು 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ಇದು ಯಾಕೆ ಹೀಗೆ, ಗೊತ್ತಿದ್ದವರು ಹೇಳಿ ಅಂತ ಓದುಗರನ್ನೇ ಕೇಳಿದರು, ಈಗ ನೀವು ನಮ್ಮನ್ನು ಕೇಳಿದ ಹಾಗೆ. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟ. ವ್ಯತ್ಯಾಸವನ್ನು ಕಡಿಮೆ ಮಾಡಲು ನೋಡಲಿಲ್ಲ, ಪ್ರಯೋಗದ ವಿಧಾನ ಬದಲಾಯಿಸಿ ಇನ್ನೂರರಲ್ಲಿ ಒಂದಕ್ಕೆ ಏರಿಸಿದರು, ಕಾರಣ ಅಡಗಿ ಕೂರಲು ಜಾಗ ಇರಬಾರದು ಅಂತ. 1894ರಲ್ಲಿ ವಿಲಿಯಂ ರ‍್ಯಾಮ್ಸೆ ಜೊತೆ ಸೇರಿ ಉತ್ತರ ಕಂಡುಕೊಂಡರು: ಗಾಳಿಯ ಸಾರಜನಕದ ಜೊತೆ ಯಾರಿಗೂ ಗೊತ್ತಿರದ ಆರ್ಗಾನ್ ಅನ್ನುವ ಅನಿಲ ಇತ್ತು. ನಾವು ಉಸಿರಾಡುವ ಗಾಳಿಯಲ್ಲಿ ಅದು ಸುಮಾರು ಶೇಕಡಾ ಒಂದು! 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಒಬ್ಬರಿಗೆ ಭೌತಶಾಸ್ತ್ರದಲ್ಲಿ, ಇನ್ನೊಬ್ಬರಿಗೆ ರಸಾಯನಶಾಸ್ತ್ರದಲ್ಲಿ. ನೀವು ಬರೀ 0.05ರ ವ್ಯತ್ಯಾಸಕ್ಕೆ ನಿದ್ದೆ ಬಿಟ್ಟು ಇಲ್ಲಿ ಬಂದು ಕೇಳಿದ್ದೀರಿ. ಆ ಗುಣ ಕಲಿಸಿ ಬರುವುದಲ್ಲ.

ಮಾರ್ಕಿನ ಭಯ ಇದ್ದೇ ಇರುತ್ತದೆ, ಅದು ನನಗೂ ಗೊತ್ತು. ರೆಕಾರ್ಡಿನಲ್ಲಿ ಹೀಗೆ ಬರೆಯಿರಿ: 9.76, ಹೆಚ್ಚುಕಡಿಮೆ 0.1, ಈ ಅಕ್ಷಾಂಶಕ್ಕೆ ಇರಬೇಕಾದ ಬೆಲೆ 9.78. ಕೆಳಗೆ ಎರಡು ಸಾಲಿನಲ್ಲಿ ಸ್ಟಾಪ್‌ವಾಚಿನ ಲೆಕ್ಕ ತೋರಿಸಿ. ಪರೀಕ್ಷಕರು ಕೇಳಿದರೆ ಮೇಲಿನ ಗಡಿಯಾರದ ಕಥೆ ಹೇಳಿ. ರಫ್ ಹಾಳೆಯನ್ನು ಬಿಸಾಡಬೇಡಿ, ತಪ್ಪಾದ ಅಂಕಿಗೆ ಒಂದು ಗೆರೆ ಹೊಡೆಯಿರಿ, ಕೆಳಗಿನದು ಓದಲು ಕಾಣುವ ಹಾಗೆ.

100 ಎಣಿಸಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಹಾಕಿ. ಎಷ್ಟೇ ಬಂದಿರಲಿ, ಬಂದದ್ದನ್ನೇ ಹಾಕಿ, ಕೂತು ನೋಡುವಾ.